ಶುಂಠಿ ವೈನಿಗೊಂದು ನಲ್ಲಿ

ಬಾರಿನ ಕೌಂಟರಿಗೆ ಯಾರೂ ಅರಗಿನ ಪಾಲಿಶ್ ಹಾಕುವುದಿಲ್ಲ. ಅರಗು ಕರಗುವುದೇ ಸ್ಪಿರಿಟ್ಟಿನಲ್ಲಿ. ಅದರ ಮೇಲೆ ವಿಸ್ಕಿ ಚೆಲ್ಲಿದರೆ ಪಾಲಿಶ್ ಮೆತ್ತಗಾಗಿ, ಗ್ಲಾಸಿನ ಅಡಿಯ ಗುರುತು ಅಲ್ಲೇ ಕೂತುಬಿಡುತ್ತದೆ. ಮರಗೆಲಸದ ಅ ಆ ಇ ಈ ಕಲಿತವರಿಗೂ ಇದು ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ.

ಎಂಬತ್ತರ ದಶಕದ ನಡುವಿನ ಮಾತು. ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯಿಂದ ಸ್ವಲ್ಪ ದಕ್ಷಿಣಕ್ಕೆ, ಫ್ರೀವೇ ಪಕ್ಕದಲ್ಲಿ ಒಂದು ಸಣ್ಣ ಕ್ಯಾಬಿನೆಟ್ ಶಾಪು. ಅಲ್ಲಿ ಡ್ರಾಯಿಂಗ್ ಹಾಕುವುದು ಮತ್ತು ಕೊನೆಯಲ್ಲಿ ಪಾಲಿಶ್ ಮಾಡುವುದು ನನ್ನ ಕೆಲಸ. ಮರ ಕೊಯ್ದು ಜೋಡಿಸುವುದು ಯಜಮಾನರ ಕೆಲಸ. ಅವರ ಹಿರಿಯರು ಇಟಲಿಯ ಕಡೆಯವರು. ಮಾತು ಒರಟು, ಕೈ ಬಹಳ ನಯ. ಫ್ರೆಂಚ್ ಪಾಲಿಶ್, ಅಂದರೆ ಈ ಅರಗಿನ ಪಾಲಿಶ್, ನಾನು ಮೈಸೂರಿನಲ್ಲಿ ಅಪ್ಪನ ಫರ್ನಿಚರ್ ಅಂಗಡಿಯಲ್ಲಿ ಕಲಿತದ್ದು. ಕಾನ್ವೆಂಟಿನಿಂದ ಬಂದವಳು ಯೂನಿಫಾರ್ಮ್ ಬದಲಿಸದೆ ಅಂಗಡಿಯಲ್ಲಿ ಕೂರುತ್ತಿದ್ದೆ ಎಂದು ಅಮ್ಮ ಬೈಯುತ್ತಿದ್ದರು. ಅಷ್ಟು ಹೇಳಿದರೆ ಸಾಕು.

ಒಂದು ದಿನ ಮಧ್ಯಾಹ್ನ ಸ್ಯಾನ್ ರಮೋನ್‌ನಿಂದ ಒಬ್ಬ ಹೆಣ್ಣುಮಗಳು ಬಂದಳು. ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಮನೆತನದವಳು, ಗಂಡ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಯುಗಾದಿ, ದೀಪಾವಳಿ ಎಂದು ನಾವು ಕನ್ನಡದವರು ಸೇರುವಾಗ ಇಬ್ಬರನ್ನೂ ನೋಡಿದ್ದೆ. ಅಷ್ಟು ದೂರ ಸೇತುವೆ ದಾಟಿ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದವಳು, ಕೂರುವ ಮೊದಲೇ ಹೇಳಿದಳು.

“ಅಕ್ಕ, ನೀವು ಬೈಬಾರ್ದು. ನನಗೊಂದು ಬಾರ್ ಮಾಡಿ ಕೊಡ್ಬೇಕು.”

“ನಿಮ್ಮ ಮನೇಗಾ?”

“ಬಾರ್ ಅಂದ್ರೆ ಬಾರ್ ಅಲ್ಲ ಮಾರಾಯ್ರೆ. ನೋಡ್ಲಿಕ್ಕೆ ಬಾರ್.”

ನಾನು ಯಾಕೆ ತಬ್ಬಿಬ್ಬಾದೆ ಎಂಬುದು ಅವಳಿಗೆ ಗೊತ್ತಿತ್ತು. ಡಾಕ್ಟರು ಕುಡಿಯುತ್ತಿದ್ದದ್ದು, ಆಸ್ಪತ್ರೆಯವರು ಕೆಲವು ತಿಂಗಳು ಅವರನ್ನು ಕೆಲಸದಿಂದ ದೂರ ಇಟ್ಟದ್ದು, ಇನ್ನು ಒಂದು ಹನಿಯನ್ನೂ ಮುಟ್ಟುವುದಿಲ್ಲ ಎಂದು ಬರೆಸಿಕೊಂಡು ವಾಪಸ್ ತೆಗೆದುಕೊಂಡದ್ದು, ಎಲ್ಲವೂ ನಮ್ಮವರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದಾಗಿ ಒಂದು ವರ್ಷದ ಮೇಲಾಗಿತ್ತು. ಅವರು ಕೊಟ್ಟ ಮಾತಿನಂತೆ ನಡೆದಿದ್ದರು.

“ಕುಡಿಯೂದು ಹೋಯ್ತು ಅಕ್ಕ. ಆದ್ರೆ ಶನಿವಾರ ಉಂಟಲ್ಲ, ಅದು ಹೋಗೂದಿಲ್ಲ,” ಅಂದಳು. ಮೊದಲು ಶನಿವಾರ ಸಂಜೆ ಅವರ ಮನೆ ತುಂಬಿರುತ್ತಿತ್ತು. ಈಗ ಬರುವವರೇ ಇಲ್ಲ. ಬಂದವರೂ ಆರೆಂಜ್ ಜ್ಯೂಸ್ ಹಿಡಿದುಕೊಂಡು, ಕಾಯಿಲೆಯವರನ್ನು ನೋಡಲು ಬಂದವರ ಹಾಗೆ ಸೋಫಾದ ತುದಿಯಲ್ಲಿ ಕೂತು, ಗಡಿಯಾರ ನೋಡಿ ಎದ್ದು ಹೋಗುತ್ತಾರೆ. ಡಾಕ್ಟರು ಗರಾಜಿನಲ್ಲಿ ಒಬ್ಬರೇ ಕೂರುತ್ತಾರೆ. ಇತ್ತೀಚೆಗೆ ಅಲ್ಲೇ ಶುಂಠಿ ವೈನ್ ಮಾಡುವುದಕ್ಕೆ ಶುರುಮಾಡಿದ್ದಾರೆ, ಊರಿನಲ್ಲಿ ಕ್ರಿಸ್‌ಮಸ್ಸಿಗೆ ಮಾಡುವ ಹಾಗೆ. ಕೈಗೊಂದು ಕೆಲಸ ಆಗಿದೆ, ಮುಖದಲ್ಲಿ ಕಳೆ ಬಂದಿದೆ.

“ವೈನ್ ಅಂದ್ಯಲ್ಲೇ?” ಎಂದೆ.

“ಹೆಸರಿಗೆ ವೈನ್ ಅಕ್ಕ. ನಮಗೆ ಹಾಸ್ಟೆಲಿನಲ್ಲಿ ಸಿಸ್ಟರ್‌ಗಳೇ ಮಾಡಿ ಕೊಡ್ತಿದ್ರು.”

ನನಗೆ ನಗು ಬಂತು. ನಮಗೂ ಕೊಡುತ್ತಿದ್ದರು. ಮೈಸೂರಿನ ಕಾನ್ವೆಂಟಿನಲ್ಲಿ ಸಂತರ ಹಬ್ಬದ ಫೀಸ್ಟ್ ಡೇ ಬಂತೆಂದರೆ ಎಲ್ಲ ಹುಡುಗಿಯರಿಗೂ ಚಿಕ್ಕ ಗ್ಲಾಸಿನಲ್ಲಿ ಶುಂಠಿ ವೈನು, ಒಂದು ತುಂಡು ಕೇಕು. ಮನೆಗೆ ಹೋಗಿ “ಇವತ್ತು ವೈನ್ ಕುಡಿದೆ” ಎಂದು ಹೇಳಿ, ಅಜ್ಜಿಯ ಕೈಯಲ್ಲಿ ತಲೆಗೆ ಸ್ನಾನ ಮಾಡಿಸಿಕೊಂಡ ಗೆಳತಿಯೊಬ್ಬಳಿದ್ದಳು. ಹಾಗಾಗಿ ನಾನು ಮತ್ತೆ ಕೇಳಲಿಲ್ಲ.

ಅವಳಿಗೆ ಬೇಕಾದದ್ದು ಇದು: ಪಬ್ಬಿನಲ್ಲಿ ಇರುತ್ತದಲ್ಲ, ಹಿಡಿ ಎಳೆದರೆ ತಣ್ಣಗೆ ನೊರೆಯ ಸಮೇತ ಗ್ಲಾಸಿಗೆ ಬೀಳುವ ನಲ್ಲಿ, ಅಂಥದ್ದು. ಲಿವಿಂಗ್ ರೂಮಿನಲ್ಲಿ ಎಲ್ಲರಿಗೂ ಕಾಣುವಂತೆ ಇರಬೇಕು, ಚೆಂದ ಇರಬೇಕು. ಬಂದವರು ಹಿಂದೆ ಬಾಟಲಿಗಳಿರುತ್ತಿದ್ದ ಕಪಾಟಿನ ಕಡೆ ನೋಡದೆ ಅದರ ಕಡೆ ನೋಡಬೇಕು.

“ಅವ್ರು ಹಿಂದೆಲ್ಲ ಎಷ್ಟು ಚೆಂದ ಉಪಚಾರ ಮಾಡ್ತಿದ್ರು, ನೀವು ನೋಡ್ಲಿಲ್ಲ,” ಅಂದಳು. “ಈಗ ಬಂದವ್ರಿಗೆ ಏನು ಕೊಡೂದು ಅಂತ ಗೊತ್ತಾಗೂದಿಲ್ಲ ಅವ್ರಿಗೆ. ಕೈ ಸುಮ್ಮನೆ ಇರ್ತದೆ. ಹಿಡಿದು ಎಳೀಲಿಕ್ಕೆ ಏನಾದ್ರೂ ಬೇಕು ಅಕ್ಕ.”

ಆ ಮಾತಿಗೆ ನಾನು ಒಪ್ಪಿದೆ.

ಹೊರಗೆ ವಾಲ್ನಟ್ ಮರದ ಕ್ಯಾಬಿನೆಟ್, ಒಳಗೆ ಒಂದು ಹಳೆಯ ಸಣ್ಣ ಫ್ರಿಜ್, ಇದು ನನ್ನ ಡ್ರಾಯಿಂಗು. ಮನೆಯಲ್ಲಿ ಬಿಯರ್ ಮಾಡಿಕೊಳ್ಳುವುದಕ್ಕೆ ಸರ್ಕಾರ ಅನುಮತಿ ಕೊಟ್ಟು ಕೆಲವು ವರ್ಷಗಳಾಗಿದ್ದವು; ಅದಕ್ಕೆ ಬೇಕಾದ ಸಾಮಾನು ಮಾರುವ ಅಂಗಡಿಗಳು ಅಲ್ಲೊಂದು ಇಲ್ಲೊಂದು ತೆರೆದಿದ್ದವು. ಹತ್ತಿರದ ಅಂಥ ಅಂಗಡಿಗೆ ಹೋದೆ. ಸೀರೆಯುಟ್ಟ ಹೆಂಗಸು ಒಳಗೆ ಬಂದದ್ದನ್ನು ನೋಡಿ ಅಲ್ಲಿದ್ದ ಗಡ್ಡದವನು ದಾರಿ ತಪ್ಪಿ ಬಂದಿದ್ದೇನೆಂದುಕೊಂಡು, ಗ್ರೋಸರಿ ಪಕ್ಕದ ಬೀದಿಯಲ್ಲಿದೆ ಎಂದ. ಆಮೇಲೆ ಪಾಪ, ಬಹಳ ತಾಳ್ಮೆಯಿಂದ ಕಲಿಸಿಕೊಟ್ಟ. ಸೋಡಾ ಕಂಪನಿಗಳು ಸಿರಪ್ ತುಂಬಿ ಕಳಿಸುತ್ತಿದ್ದ ಉದ್ದನೆಯ ಸ್ಟೀಲ್ ಪೀಪಾಯಿಗಳು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತಿದ್ದವು. ಪೀಪಾಯಿಗೆ ಎರಡು ಬಾಯಿ. ಒಂದರಿಂದ ಗ್ಯಾಸು ಒಳಗೆ ಹೋಗಿ ಮೇಲಿನಿಂದ ಒತ್ತುತ್ತದೆ. ಇನ್ನೊಂದಕ್ಕೆ ತಳದವರೆಗೂ ಇಳಿದ ಕೊಳವೆ, ಅದರಿಂದ ಪಾನೀಯ ಮೇಲೇರಿ ನಲ್ಲಿಗೆ ಬರುತ್ತದೆ. ಪಕ್ಕದಲ್ಲಿ ಕಾರ್ಬನ್ ಡೈ ಆಕ್ಸೈಡಿನ ಸಣ್ಣ ಸಿಲಿಂಡರು, ಅದರ ತಲೆಯ ಮೇಲೆ ಒತ್ತಡ ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರು. ಇಷ್ಟೇ ಯಂತ್ರ. ಉಳಿದದ್ದೆಲ್ಲ ಮರದ ಕೆಲಸ.

ಮೊದಲ ಪೆಟ್ಟು ಬಿದ್ದದ್ದು ಮರದ ಕೆಲಸದಲ್ಲೇ. ನಾಲ್ಕೂ ಕಡೆ ಮುಚ್ಚಿದ, ಒಂದು ಗೆರೆ ಕೂಡ ಆಚೀಚೆ ಇಲ್ಲದ ಕ್ಯಾಬಿನೆಟ್ ಮಾಡಿಸಿದೆ. ಫ್ರಿಜ್ ಒಳಗಿಟ್ಟು ಒಂದು ದಿನ ಓಡಿಸಿದರೆ ಹಿಂಬದಿಯ ಹಲಗೆ ಕೈ ಇಡಲಾರದಷ್ಟು ಬಿಸಿ, ಒಳಗಿನ ನೀರು ಮಾತ್ರ ಬಾವಿ ನೀರಿನಷ್ಟೂ ತಣ್ಣಗಿಲ್ಲ. ಫ್ರಿಜ್ಜು ತನ್ನ ಶಾಖವನ್ನು ಬೆನ್ನಿನ ಕೊಳವೆಗಳಿಂದ ಹೊರಗೆ ಹಾಕಬೇಕು. ನಾನು ಅದರ ಉಸಿರು ಕಟ್ಟಿದ್ದೆ.

“ಶವಪೆಟ್ಟಿಗೆ ಚೆನ್ನಾಗಿ ಬಂದಿದೆ,” ಎಂದರು ಯಜಮಾನರು.

ಮುಂದಿನ ಬಾಗಿಲಿನ ಕೆಳಗೂ ಹಿಂದಿನ ಹಲಗೆಯ ಮೇಲ್ತುದಿಗೂ ಗಾಳಿ ಆಡಲು ದಾರಿ ಬೇಕಾಯಿತು. ಬರೀ ತೂತು ಕೊರೆದರೆ ನೋಡಲು ಹೇಸಿಗೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿರುವ ಜಾಲಂಧ್ರದ ನಮೂನೆ ಬರೆದುಕೊಟ್ಟೆ, ಎಲೆ ಬಳ್ಳಿ ಏನೂ ಇಲ್ಲದ ಸಾದಾ ಚೌಕ ಚೌಕದ ಜಾಲ. ಯಜಮಾನರು ಗೊಣಗುತ್ತಲೇ ಕೊರೆದರು. ಕೆಳಗಿನಿಂದ ತಂಪು ಗಾಳಿ ಹೋಗಿ ಮೇಲಿನಿಂದ ಬಿಸಿ ಗಾಳಿ ಬರತೊಡಗಿತು. ಆನೆಸ್ಟಾಗಿ ಹೇಳುವುದಾದರೆ ಇಡೀ ಕ್ಯಾಬಿನೆಟ್ಟಿನಲ್ಲಿ ಚೆಂದ ಎನ್ನುವಂಥದ್ದು ಆ ಜಾಲವೇ.

ನಲ್ಲಿಯನ್ನು ಹಿತ್ತಾಳೆಯದ್ದೇ ಹಾಕಬೇಕೆಂದು ನನಗೆ ಆಸೆಯಿತ್ತು. ಅದನ್ನು ಡಾಕ್ಟರ ಹೆಂಡತಿ ಫೋನಿನಲ್ಲೇ ತಡೆದಳು. “ಲಿಂಬೆ ಹುಳಿ ಇರ್ತದಲ್ಲ ಅಕ್ಕ, ಕಿಲುಬು ಬರೂದಿಲ್ವಾ?” ಕಿಲುಬಿನ ಭಯ ನನಗೆ ಹೊಳೆಯದೆ ಹೋದದ್ದಕ್ಕೆ ನಾಚಿಕೆಯಾಯಿತು. ಪಾನೀಯ ಮುಟ್ಟುವ ಭಾಗವೆಲ್ಲ ಸ್ಟೀಲು, ಕೈ ಮುಟ್ಟುವ ಹಿಡಿ ಮಾತ್ರ ಹಿತ್ತಾಳೆ ಎಂದು ತೀರ್ಮಾನವಾಯಿತು.

ಆಮೇಲೆ ಪಾಲಿಶ್ಶಿನ ಜಗಳ.

“ಲ್ಯಾಕರ್ ಹೊಡಿ,” ಎಂದರು ಯಜಮಾನರು.

“ಫ್ರೆಂಚ್ ಪಾಲಿಶ್ ಮಾಡ್ತೀನಿ.”

“ಬಾರಿಗಾ? ಒಂದು ಹನಿ ವಿಸ್ಕಿ ಬಿದ್ದರೆ ನಿನ್ನ ಒಂದು ತಿಂಗಳ ಕೆಲಸ ಮಣ್ಣು.”

“ಆ ಮನೆಯಲ್ಲಿ ವಿಸ್ಕಿ ಇಲ್ಲ. ಇನ್ನು ಬರುವುದೂ ಇಲ್ಲ.”

ಅವರು ನನ್ನನ್ನೇ ನೋಡಿದರು. ಇಂಥದ್ದನ್ನು ಪಾಲಿಶ್ ಮಾಡುವವಳು ಹೇಗೆ ಬಲ್ಲಳು ಎಂದು ಕೇಳಬಹುದಿತ್ತು, ಕೇಳಲಿಲ್ಲ. ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಶೋಧಿಸಿದೆ. ಅರಳೆಯನ್ನು ಬಟ್ಟೆಯಲ್ಲಿ ಉಂಡೆ ಕಟ್ಟಿ, ಅದು ಮರಕ್ಕೆ ಹಿಡಿಯದಂತೆ ಒಂದೇ ಹನಿ ಅಗಸೆ ಎಣ್ಣೆ ಸವರಿ, ಎಂಟರ ಆಕಾರದಲ್ಲಿ ಕೈ ಆಡಿಸುವುದು. ಒಂದೊಂದು ಪದರವೂ ಉಸಿರಿನಷ್ಟು ತೆಳು. ಒಣಗಲು ಬಿಡಬೇಕು, ಮತ್ತೆ ಆಡಿಸಬೇಕು. ಅವಸರ ಮಾಡಿದರೆ ಕೆಳಗಿನ ಪದರವೇ ಎದ್ದು ಬರುತ್ತದೆ. ಕೊನೆಗೆ ವಾಲ್ನಟ್ಟಿನ ನರಗಳೆಲ್ಲ ನೀರಿನ ತಳದಲ್ಲಿರುವಂತೆ ಕಾಣತೊಡಗಿದವು. ಈಗ ನನ್ನ ಕೈ ನಡುಗುತ್ತದೆ. ಒಂದು ಕಪ್ ಕಾಫಿ ಎತ್ತಿದರೆ ಸಾಸರಿಗೂ ಪಾಲು. ಆಗ ಹಾಗಿರಲಿಲ್ಲ.

ಅದನ್ನು ಪಿಕಪ್ಪಿನಲ್ಲಿ ಸ್ಯಾನ್ ರಮೋನ್‌ಗೆ ಸಾಗಿಸಿ, ಎಲ್ಲ ಸರಿಹೋಗುವವರೆಗೆ ಪ್ರಯೋಗಕ್ಕೆಂದು ಗರಾಜಿನಲ್ಲೇ ನಿಲ್ಲಿಸಿದೆವು. ಎರಡು ವಾರದ ಮೇಲೆ ಫೋನ್ ಬಂತು. ನಲ್ಲಿ ಕೆಮ್ಮುತ್ತಿದೆಯಂತೆ. ಸ್ಪ್ಯಾನರು, ಹೊಸ ವಾಶರು ಹಿಡಿದುಕೊಂಡು ಹೋದೆ.

ನಲ್ಲಿಯ ಕೆಮ್ಮಿಗೆ ಕಾರಣ ಶುಂಠಿಯ ನಾರು. ಬಿಚ್ಚಿ ತೊಳೆದರೆ ಮುಗಿಯಿತು. ಕೆಲಸ ಮುಗಿಸಿ ಕ್ಯಾಬಿನೆಟ್ಟಿನ ಮೇಲೆ ಕೈಯಿಟ್ಟಾಗ ಉಂಗುರಗಳು ಕಂಡವು, ನಲ್ಲಿಯ ಪಕ್ಕದಲ್ಲಿ, ಗ್ಲಾಸು ಇಡುವ ಜಾಗದಲ್ಲಿ, ಒಂದರ ಮೇಲೊಂದು. ನೀರಿನ ಗುರುತಿರಬೇಕು ಎಂದುಕೊಂಡೆ. ಆದರೆ ಅರಗಿನ ಮೇಲೆ ನೀರು ನಿಂತರೆ ಹಾಲಿನಂತೆ ಬಿಳಿಚಿಕೊಳ್ಳುತ್ತದೆ, ಮೇಲ್ಮೈ ಗಟ್ಟಿಯಾಗಿಯೇ ಇರುತ್ತದೆ. ಇದು ಬಿಳಿಚಿರಲಿಲ್ಲ. ಸಕ್ಕರೆಯ ಅಂಟೇ ಎಂದು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದೆ. ಅಂಟು ಹೋಗಲಿಲ್ಲ. ಬೆರಳೊತ್ತಿದರೆ ನನ್ನ ಹೆಬ್ಬೆರಳಿನ ಗೆರೆಗಳು ಪಾಲಿಶ್ಶಿನಲ್ಲಿ ಮೂಡಿದವು.

ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ನಾನು ಅವರನ್ನು ಅಷ್ಟು ಗೆಲುವಾಗಿ ಎಂದೂ ಕಂಡಿರಲಿಲ್ಲ.

“ಹೇಗೆ ಉಂಟು ಮೇಡಂ ನಮ್ಮ ಫ್ಯಾಕ್ಟರಿ?” ಎಂದು ಗೋಡೆಯ ಬದಿಗೆ ಸಾಲಾಗಿ ನಿಂತ ಗಾಜಿನ ಭರಣಿಗಳನ್ನು ತೋರಿಸಿದರು. “ನನ್ನ ಅಮ್ಮನ ಅಳತೆ. ಶುಂಠಿ, ಸಕ್ಕರೆ, ಗೋಧಿ, ಲಿಂಬೆ, ಸ್ವಲ್ಪ ಈಸ್ಟ್. ಮೂರು ವಾರ ಮುಟ್ಲಿಕ್ಕಿಲ್ಲ.”

“ಈಸ್ಟಾ?”

“ಈಸ್ಟ್ ಇಲ್ಲದೆ ವೈನ್ ಆಗ್ತದಾ?”

ಡಾಕ್ಟರ ಹೆಂಡತಿ ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದಳು. “ನೋಡಿ ಅಕ್ಕ, ಎಷ್ಟು ಖುಷಿಯಲ್ಲಿದ್ದಾರೆ,” ಅಂದಳು ಮೆಲ್ಲಗೆ.

ನನ್ನ ಕಾನ್ವೆಂಟಿನ ಅಡುಗೆಮನೆ ಆಗ ಕಣ್ಣಿಗೆ ಬಂತು. ಸಿಸ್ಟರುಗಳು ಶುಂಠಿ ಕುದಿಸಿ, ಸುಟ್ಟ ಸಕ್ಕರೆಯ ಬಣ್ಣ ಹಾಕಿ, ನಿಂಬೆಹುಳಿ ಸೇರಿಸಿ ಶೋಧಿಸುತ್ತಿದ್ದರು. ಬೆಳಿಗ್ಗೆ ಮಾಡಿದ್ದು ಸಂಜೆಗೆ ಗ್ಲಾಸಿಗೆ. ಈಸ್ಟ್ ಇಲ್ಲ, ವಾರಗಟ್ಟಲೆ ಕಾಯುವುದೂ ಇಲ್ಲ. ಅದೂ ಶುಂಠಿ ವೈನು, ಇದೂ ಶುಂಠಿ ವೈನು. ಹಾಸ್ಟೆಲಿನಲ್ಲಿ ಬೆಳೆದ ಅವಳಿಗೂ ನನಗೂ ಗೊತ್ತಿದ್ದದ್ದು ಮೊದಲನೆಯದು. ಅವರು ಮಾಡುತ್ತಿದ್ದದ್ದು ಎರಡನೆಯದು. ಎರಡಕ್ಕೂ ಒಂದೇ ಹೆಸರಿದ್ದದ್ದರಿಂದ ಯಾರೂ ಯಾರನ್ನೂ ಕೇಳಲಿಲ್ಲ.

ನನ್ನ ಮೇಲೇ ನನಗೆ ನಂಬಿಕೆಯಿರಲಿಲ್ಲ. ರುಚಿ ನೋಡಬೇಕೆಂದು ಹೇಳಿ ಒಂದು ಜಾಮ್ ಬಾಟಲಿಯಲ್ಲಿ ತುಂಬಿಸಿಕೊಂಡು ನೇರವಾಗಿ ಗಡ್ಡದವನ ಅಂಗಡಿಗೆ ಹೋದೆ. ಎಷ್ಟು ನೀರಿಗೆ ಎಷ್ಟು ಸಕ್ಕರೆ ಎಂದು ಕೇಳಿಕೊಂಡು, ಗಾಜಿನ ಉದ್ದ ಬುರುಡೆಯಂಥ ಹೈಡ್ರೋಮೀಟರನ್ನು ಅದರಲ್ಲಿ ತೇಲಿಬಿಟ್ಟ. ಸಕ್ಕರೆ ಹೆಚ್ಚಿದ್ದರೆ ಅದು ಎತ್ತರದಲ್ಲಿ ತೇಲಬೇಕು. ಕೆಳಗಿಳಿದು ನಿಂತಿತು.

“ನೀವು ಹೇಳಿದ ಸಕ್ಕರೆಯಲ್ಲಿ ಬಹುಪಾಲು ಇದರಲ್ಲಿ ಈಗ ಇಲ್ಲ,” ಎಂದ. “ಅದೆಲ್ಲ ಆಲ್ಕೋಹಾಲ್ ಆಗಿದೆ ಎಂದು ನಾನು ಹೇಳಬೇಕೆ? ನಾನು ಮನೆಯಲ್ಲಿ ಮಾಡುವ ಯಾವ ಬಿಯರಿಗಿಂತಲೂ ಇದು ಗಟ್ಟಿ.”

ಶಾಪಿಗೆ ವಾಪಸ್ ಬಂದು ಯಜಮಾನರಿಗೆ ಹೇಳಿದೆ. ಅವರು ಉಳಿ ಮಸೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು. “ನಾವು ಫರ್ನಿಚರ್ ಮಾಡುವವರು. ಕಪಾಟಿನೊಳಗೆ ಏನಿಡಬೇಕು ಎನ್ನುವುದು ಕಪಾಟಿನವರಿಗೆ ಬಿಟ್ಟದ್ದು. ಮೇಲಿನ ಟಾಪ್ ಬಿಚ್ಚಿ ತಾ, ಸ್ಪಿರಿಟ್ಟಿಗೂ ಜಗ್ಗದ ಪಾಲಿಯುರಿಥೇನ್ ಹೊಡಿ, ಕೊಟ್ಟು ಬಾ.”

ಮಾತು ನ್ಯಾಯವಾಗಿಯೇ ಇತ್ತು. ಎರಡು ದಿನ ನಾನೂ ಅದನ್ನೇ ನನಗೆ ಹೇಳಿಕೊಂಡೆ. ಅವರ ಸಂಸಾರ, ಅವರ ಗರಾಜು. ಆದರೆ ಆ ಮನುಷ್ಯ ದಿನಾ ಬೆಳಿಗ್ಗೆ ಎದ್ದು ಯಾರಿಗೋ ಅರಿವು ತಪ್ಪಿಸಲು ಹೋಗುತ್ತಿದ್ದರು. ಟೇಬಲ್ಲಿನ ಮೇಲೆ ಮಲಗಿದವರು, ಕಣ್ಣು ಮುಚ್ಚುವ ಮೊದಲು ಕೊನೆಯದಾಗಿ ನೋಡುವುದು ಅವರ ಮುಖವನ್ನು. ಹೆಂಡತಿಗೆ ಮೊದಲು ಹೇಳೋಣವೇ ಎಂದು ಯೋಚಿಸಿದೆ. ಅವಳು ಅತ್ತು, ಭರಣಿಗಳನ್ನು ಚೆಲ್ಲಿ, ಅವರಿಗೆ ನೋವಾಗದಂತೆ ಏನೋ ಒಂದು ನೆಪ ಹೇಳುತ್ತಾಳೆ. ಅವರು ಆ ನೆಪವನ್ನು ಹಿಡಿದುಕೊಳ್ಳುತ್ತಾರೆ. ಅದು ಬೇಡ ಎನ್ನಿಸಿತು. ಪಾಲಿಶ್ ಕೆಟ್ಟಿದೆ ಎಂದು ಹೇಳಿ ಟಾಪ್ ಬಿಚ್ಚಿ ತರಿಸಿಕೊಂಡೆ. ನೀವೊಬ್ಬರೇ ಒಮ್ಮೆ ಶಾಪಿಗೆ ಬನ್ನಿ ಎಂದು ಡಾಕ್ಟರಿಗೆ ಫೋನ್ ಮಾಡಿದೆ.

ಡ್ಯೂಟಿ ಮುಗಿಸಿ ಬಂದರು. ಅವರು ಬರುವ ಮೊದಲು ಸ್ಪಿರಿಟ್ಟಿನ ಡಬ್ಬಗಳಿಗೆಲ್ಲ ಮುಚ್ಚಳ ಬಿಗಿದು, ಕಿಟಕಿ ತೆರೆದಿಟ್ಟಿದ್ದೆ. ಬೆಂಚಿನ ಮೇಲೆ ಪಾಲಿಶ್ ಮಾಡಿದ ಒಂದು ತುಂಡು ಹಲಗೆ. ಹಿಂದಿನ ಸಂಜೆಯೇ ಅದರ ಒಂದು ತುದಿಯಲ್ಲಿ ನೀರು, ಇನ್ನೊಂದು ತುದಿಯಲ್ಲಿ ಅವರ ಶುಂಠಿ ವೈನು ಸುರಿದು, ಬೆಳಿಗ್ಗೆ ಒರೆಸಿ ಇಟ್ಟಿದ್ದೆ.

“ಎರಡೂ ಕಡೆ ಬೆರಳಿಟ್ಟು ನೋಡಿ ಡಾಕ್ಟ್ರೇ.”

ಇಟ್ಟರು. ಮೊದಲನೆಯದು ಬಿಳಿ ಮತ್ತು ಗಟ್ಟಿ. ಎರಡನೆಯದರಲ್ಲಿ ಅವರ ಬೆರಳಿನ ಅಚ್ಚು ನಿಂತಿತು.

“ನಮ್ಮನ್ನು ಆಸ್ಪತ್ರೆಯವ್ರು ಟೆಸ್ಟ್ ಮಾಡೂದು ಸಾಲದು ಅಂತ ನೀವು ಬೇರೆ ಲ್ಯಾಬ್ ಇಟ್ಟಿದ್ದೀರಾ ಮೇಡಂ?” ಎಂದು ನಕ್ಕರು. ನಾನು ನಗಲಿಲ್ಲ. ಅಂಗಡಿಯವನು ಹೇಳಿದ್ದನ್ನು ಹೇಳಿದೆ. ಅವರು ಸ್ಟೂಲು ಎಳೆದುಕೊಂಡು ಕೂತರು.

“ನಾನು ಡಾಕ್ಟರು. ಈಸ್ಟ್ ಎಂತ ಮಾಡ್ತದೆ ಅಂತ ನನಗೆ ನೀವು ಹೇಳ್ಬೇಕಾ?” ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ನಾಲಿಗೆಗೆ ಗೊತ್ತಿತ್ತು ಮೇಡಂ. ಮೊದಲ ಗುಟುಕಿಗೇ ಗೊತ್ತಾಯ್ತು. ತಲೆಗೆ ಹೇಳ್ಲಿಲ್ಲ, ಅಷ್ಟೆ.”

“ಡ್ಯೂಟಿಗೆ ಹೋಗುವಾಗ?”

“ಇಲ್ಲ. ರಾತ್ರಿ ಮಾತ್ರ. ಒಂದು ಗ್ಲಾಸು.” ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, “ಮೊದಲು ಒಂದು ಗ್ಲಾಸು,” ಎಂದು ತಿದ್ದಿದರು.

“ಮನೆಯಲ್ಲಿ ಹೇಳಿ.”

“ನೀವೇ ಹೇಳಿ ಅವಳಿಗೆ. ನಿಮ್ಮ ಮಾತಿಗೆ ಮರ್ಯಾದೆ ಕೊಡ್ತಾಳೆ.”

“ನಾನು ಹೇಳೋದಿಲ್ಲ. ನೀವು ಹೇಳೋವರೆಗೆ ಈ ಟಾಪಿಗೆ ಕೈ ಹಚ್ಚೋದೂ ಇಲ್ಲ. ಬೇಕಾದರೆ ಹೀಗೇ ತಗೊಂಡು ಹೋಗಿ, ಉಂಗುರದ ಸಮೇತ.”

ಯಜಮಾನರು ಆಚೆ ಕಡೆ ಗರಗಸ ನಿಲ್ಲಿಸಿದ್ದರು. ಕನ್ನಡ ಅವರಿಗೆ ಬರುತ್ತಿರಲಿಲ್ಲ, ಆದರೆ ಗಿರಾಕಿಯನ್ನು ಕಳೆದುಕೊಳ್ಳುವ ದನಿ ಯಾವ ಭಾಷೆಯಲ್ಲೂ ಅರ್ಥವಾಗುತ್ತದೆ. ಡಾಕ್ಟರು ಎದ್ದು ಹೋದರು. ಅವರ ಕಾರು ಹೊರಟ ಮೇಲೆ ನನಗೆ ಭಯವಾಯಿತು. ಕೆಲಸದ್ದಲ್ಲ, ದಾರಿಯಲ್ಲಿ ಅವರು ಎಲ್ಲಾದರೂ ನಿಲ್ಲಿಸಿ ಬಾಟಲಿ ಕೊಂಡರೆ ಎಂಬ ಭಯ. ಸಿಸ್ಟರುಗಳು ಕಲಿಸಿದ ಪ್ರಾರ್ಥನೆ ಇಂಥ ಹೊತ್ತಿನಲ್ಲಿ ತಾನಾಗಿ ಬಾಯಿಗೆ ಬರುತ್ತದೆ. ರಾಯರ ಸ್ತೋತ್ರವೂ ಬರುತ್ತದೆ. ಎರಡನ್ನೂ ಹೇಳಿಕೊಂಡೆ.

ಆ ವಾರದ ಕೊನೆಗೆ ಹೆಂಡತಿಯ ಫೋನ್ ಬಂತು.

“ಹೇಳಿದ್ರು ಅಕ್ಕ,” ಅಂದಳು. “ಅವರೇ ಎಲ್ಲ ಭರಣಿ ಹೊತ್ತು ಸಿಂಕಿಗೆ ಚೆಲ್ಲಿದ್ರು. ಮನೆಯೆಲ್ಲ ಶುಂಠಿ ವಾಸನೆ. ನಾನೇ ಈಸ್ಟ್ ತಂದು ಕೊಡ್ತಿದ್ದೆ ಗೊತ್ತುಂಟಾ, ಬ್ರೆಡ್ಡಿಗೆ ಹಾಕುವ ಹಾಗೆ ಅಂದ್ಕೊಂಡು.” ಆಮೇಲೆ, “ಆಸ್ಪತ್ರೆಯಲ್ಲೂ ಹೇಳಿದ್ರು. ಈಗ ಮತ್ತೆ ಡ್ಯೂಟಿ ಇಲ್ಲ. ಮುಂದೆ ಎಂತ ಆಗ್ತದೋ ಗೊತ್ತಿಲ್ಲ,” ಅಂದಳು.

“ನಲ್ಲಿ ಇನ್ನೂ ಬೇಕಾ?” ಎಂದೆ. ಎಷ್ಟು ಒಣ ಪ್ರಶ್ನೆ ಎಂದು ಆಮೇಲೆ ಅನ್ನಿಸಿತು.

“ಅವ್ರಿಗೆ ಬೇಕಂತೆ,” ಅಂದಳು.

ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ಈಗ ಸಿಸ್ಟರುಗಳ ಶುಂಠಿ ವೈನು: ಕುದಿಸಿ, ಸುಟ್ಟ ಸಕ್ಕರೆಯ ಬದಲು ಬೆಲ್ಲ, ಜೊತೆಗೆ ನಿಂಬೆ ಸೇರಿಸಿ, ನಾರು ಒಂದೂ ಉಳಿಯದಂತೆ ಎರಡು ಪದರ ಬಟ್ಟೆಯಲ್ಲಿ ಶೋಧಿಸಿದ್ದು. ಆದರೆ ಈಸ್ಟ್ ಇಲ್ಲವೆಂದರೆ ತಾನಾಗಿ ಹುಟ್ಟುವ ಚುರುಕೂ ಇಲ್ಲ, ಕಷಾಯದಂತೆ ಸಪ್ಪೆ. ಗ್ಯಾಸನ್ನು ನಾವೇ ಕುಡಿಸಬೇಕು. ಅದಕ್ಕೆ ಪೀಪಾಯಿ ಚೆನ್ನಾಗಿ ತಣ್ಣಗಾಗಬೇಕು, ಒತ್ತಡ ಬಿಯರಿಗೆ ಬೇಕಾದದ್ದರ ಎರಡರಷ್ಟಾದರೂ ಬೇಕು, ಕೆಲವು ದಿನ ಬಿಡಬೇಕು. ಒತ್ತಡ ಏರಿಸಿದೆವು. ಹಿಡಿ ಎಳೆದರೆ ಗ್ಲಾಸಿನ ತುಂಬ ನೊರೆ, ಕುಡಿಯಲು ತಳದಲ್ಲಿ ಎರಡು ಚಮಚ.

ಡ್ಯೂಟಿಯಿಲ್ಲದ ಡಾಕ್ಟರು ಈಗ ದಿನ ಬಿಟ್ಟು ದಿನ ಶಾಪಿಗೆ ಬರುತ್ತಿದ್ದರು. ಫ್ರಿಜ್ಜು, ಪೀಪಾಯಿಗಳನ್ನೆಲ್ಲ ಅಲ್ಲಿಗೇ ತಂದಿದ್ದೆವು. ಅವರು ಬಂದಾಗ ನಾನು ಪಾಲಿಶ್ ಕೆಲಸ ಹಿಡಿಯುತ್ತಿರಲಿಲ್ಲ. ನೊರೆಯ ಮರ್ಮ ಕಂಡುಹಿಡಿದವರು ಅವರೇ. “ರಕ್ತನಾಳದ ಲೆಕ್ಕವೇ ಮೇಡಂ. ಒತ್ತಡ ಜಾಸ್ತಿ ಇದ್ರೆ ದಾರಿ ಸಪೂರ ಆಗ್ಬೇಕು, ಉದ್ದ ಆಗ್ಬೇಕು. ಬಾಯಿಗೆ ಬರುವಾಗ ಸುಸ್ತಾಗಿರ್ಬೇಕು,” ಎಂದು, ನಾವು ಹಾಕಿದ್ದ ಗಿಡ್ಡ ಕೊಳವೆ ಕಿತ್ತು, ಅದಕ್ಕಿಂತ ಮೂರು ನಾಲ್ಕು ಪಟ್ಟು ಉದ್ದದ ಸಣ್ಣ ಕೊಳವೆಯನ್ನು ಸುರುಳಿ ಸುತ್ತಿ ಫ್ರಿಜ್ಜಿನೊಳಗೇ ಇಟ್ಟರು. ಆದರೂ ಮೊದಲ ಗ್ಲಾಸು ನೊರೆಯೇ. ನಲ್ಲಿಯ ಕಂಬ ಫ್ರಿಜ್ಜಿನ ಹೊರಗೆ ಬೆಚ್ಚಗೆ ನಿಂತಿರುತ್ತದಲ್ಲ, ಅದರೊಳಗಿನ ಗುಟುಕು ಬಿಸಿಯಾಗಿ ಕೆರಳುತ್ತಿತ್ತು. ಯಜಮಾನರು ಕಂಬದೊಳಗೆ ತಾಮ್ರದ ಕೊಳವೆಯೊಂದನ್ನು ತೂರಿಸಿ, ಅದರ ಬುಡವನ್ನು ಫ್ರಿಜ್ಜಿನೊಳಕ್ಕೆ ಇಳಿಸಿ, ಪಾನೀಯದ ಕೊಳವೆಯನ್ನು ಅದರ ನಡುವೆ ಹಾಯಿಸಿದರು. ತಾಮ್ರ ತಂಪನ್ನು ಮೇಲಕ್ಕೆ ಎಳೆದುಕೊಂಡಿತು. ನೊರೆ ಪೂರ್ತಿ ಹೋಗಲಿಲ್ಲ, ಎರಡು ಬೆರಳಿನಷ್ಟಕ್ಕೆ ಇಳಿಯಿತು. ಅಷ್ಟಿದ್ದರೆ ಚೆಂದವೇ.

ಉಳಿದದ್ದು ಟಾಪು. ಹಳೆಯ ಪಾಲಿಶ್ ಪೂರ್ತಿ ತೆಗೆದು ಬರಿಮೈ ಮಾಡಿದ್ದೆ. ಯಜಮಾನರು ಪಾಲಿಯುರಿಥೇನ್ ಡಬ್ಬ ತಂದು ಬೆಂಚಿನ ಮೇಲೆ ಇಟ್ಟರು. ಈ ಸಲ ನಾನು ಎದುರು ಮಾತಾಡಲಿಲ್ಲ. ಡಾಕ್ಟರು ಡಬ್ಬ ತಿರುಗಿಸಿ ಓದಿದರು.

“ಇದು ಹಾಕಿದ್ರೆ ಏನು ಚೆಲ್ಲಿದ್ರೂ ಗೊತ್ತಾಗೂದಿಲ್ಲ ಅಲ್ವಾ?”

“ಏನೂ ಆಗೋದಿಲ್ಲ.”

“ಹಾಗಾದ್ರೆ ಬೇಡ. ಮೊದಲಿನದ್ದೇ ಹಾಕಿ,” ಎಂದು ಡಬ್ಬವನ್ನು ಬದಿಗೆ ಸರಿಸಿದರು. “ಮನೆಯಲ್ಲಿ ಚಾಡಿ ಹೇಳ್ಲಿಕ್ಕೆ ಒಂದು ಜನ ಬೇಕು.”

ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಯಜಮಾನರು ಡಬ್ಬ ತೆಗೆದುಕೊಂಡು ಹೋಗಿ ಶೆಲ್ಫಿನ ಮೇಲಿಟ್ಟರು. ಆಮೇಲೆ ಆ ವಿಷಯ ಎತ್ತಲಿಲ್ಲ.

ಕ್ಯಾಬಿನೆಟ್ ಮನೆ ಸೇರಿದ ಮೇಲಿನ ಒಂದು ಶನಿವಾರ ಹೆಂಡತಿ ಎಲ್ಲರಿಗೂ ಫೋನ್ ಮಾಡಿ ಕರೆದಳು. ಐದಾರು ಸಂಸಾರ ಬಂದಿದ್ದವು. ನೀರುದೋಸೆ, ಕೋಳಿಸಾರಿನ ಕೋರಿ ರೊಟ್ಟಿ, ನನ್ನಂಥ ಸಸ್ಯಾಹಾರಿಗಳಿಗೆ ಬೇರೆ ಸಾರು. ಡಾಕ್ಟರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ನಲ್ಲಿಯ ಪಕ್ಕದಲ್ಲಿ ನಿಂತಿದ್ದರು. ಕೆಲಸಕ್ಕೆ ಇನ್ನೂ ಕರೆದಿರಲಿಲ್ಲ.

ಬಂದವರಲ್ಲಿ ಧಾರವಾಡ ಕಡೆಯ ಇಂಜಿನಿಯರ್ ಒಬ್ಬರಿದ್ದರು, ಪಾಲೋ ಆಲ್ಟೋದಲ್ಲಿ ಕೆಲಸ. ಹಿಂದಿನ ಶನಿವಾರಗಳಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ಅವರದಂತೆ.

“ಏನೋ ಡಾಕ್ಟರಾ, ನಲ್ಲಿ ಭಾರಿ ಛಲೋ ಮಾಡ್ಸೀದಿ. ಒಳಗ ಏನೈತಿ?”

“ಕುಡಿದು ನೋಡು.”

ಡಾಕ್ಟರು ಹಿಡಿ ಎಳೆದು ಗ್ಲಾಸು ತುಂಬಿ ಕೊಟ್ಟರು. ಇಂಜಿನಿಯರ್ ಒಂದು ಗುಟುಕು ಕುಡಿದು, ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು.

“ಶುಂಠಿ ಕಷಾಯಕ್ಕ ಇಷ್ಟ್ ದೊಡ್ಡ ಮೆರವಣಿಗಿ ಏನೋ ಮಾರಾಯಾ?”

ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು.

“ಕಾರಿನಾಗ ಒಂದ ಬಾಟ್ಲಿ ಐತಿ. ಎರಡ ಹನಿ ಬಿಟ್ರ ಜೀವ ಬರ್ತದ ಇದಕ್ಕ. ತರ್ಲೇನ?”

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತುಬಿಟ್ಟಳು. ಇಂಥ ಹೊತ್ತಿಗೆ ಡಾಕ್ಟರ ಬಳಿ ಒಂದು ಉತ್ತರವಿತ್ತು. ಒಂದು ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳುತ್ತಿದ್ದರು, ಲಿವರ್ ಸ್ವಲ್ಪ ಸರಿಯಿಲ್ಲ ಎಂದು. ಕೇಳಿದವರೂ ಹೌದಂತೆ ಎಂದು ತಲೆಯಾಡಿಸುತ್ತಿದ್ದರು.

“ಬೇಡ,” ಎಂದರು ಡಾಕ್ಟರು.

“ಒಂದ ದಿನಕ್ಕ ಏನಾಕ್ಕೈತೋ?”

“ನನಗೆ ಒಂದು ಹನಿಯೂ ಆಗೂದಿಲ್ಲ. ನಾನು ಕುಡುಕ.”

ಒಳಗಿನ ಕೋಣೆಯಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಜಗಳವಾಡುವುದು ಕೇಳುತ್ತಿತ್ತು. ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಕುಡಿತ ಬಿಟ್ಟವರು ಸೇರುವ ಮೀಟಿಂಗಿನಲ್ಲಿ ಅವರು ಎದ್ದು ನಿಂತು ಇದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದರಂತೆ, ಹೆಂಡತಿ ಆಮೇಲೆ ನನಗೆ ಹೇಳಿದಳು. ಇಂಗ್ಲಿಷಿನಲ್ಲಿ ಅದು ಒಂದು ಕಾಯಿಲೆಯ ಹೆಸರು, ಡಯಾಬಿಟಿಸ್ ಎಂದ ಹಾಗೆ. ನಮ್ಮ ಮಾತಿನಲ್ಲಿ ಅದು ಬೈಗುಳ, ಬೀದಿಯಲ್ಲಿ ಬಿದ್ದವನಿಗೆ ಇನ್ನೊಬ್ಬರು ಅನ್ನುವ ಮಾತು. ಯಾರೂ ತಮ್ಮ ಬಾಯಿಂದ ತಮಗೇ ಅದನ್ನು ಅಂದುಕೊಂಡದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಇಬ್ಬರು ಗಂಡಸರು ಸಿಗರೇಟಿನ ನೆಪ ಮಾಡಿ ಹೊರಗೆ ಹೋದರು. ಅವರು ಆ ಮನೆಗೆ ಮತ್ತೆ ಬರಲಿಲ್ಲ ಎಂದು ಕೇಳಿದ್ದೇನೆ.

ಧಾರವಾಡದವರು ಗ್ಲಾಸಿನೊಳಗೆ ನೋಡುತ್ತ ನಿಂತಿದ್ದರು. ಉಳಿದದ್ದನ್ನು ಒಂದೇ ಗುಟುಕಿಗೆ ಕುಡಿದು, ಮೂಗಿಗೆ ಹತ್ತಿ, ಕೆಮ್ಮಿ, ಕಣ್ಣೊರೆಸಿಕೊಂಡರು. ಖಾಲಿ ಗ್ಲಾಸನ್ನು ನಲ್ಲಿಯ ಕೆಳಗೆ ಹಿಡಿದರು.

“ಆತು, ಇನ್ನೊಂದ ಹಾಕು,” ಎಂದರು. “ಬೆಲ್ಲ ಜಾಸ್ತಿ ಆಗೇತಿ. ಮುಂದಿನ ಶನಿವಾರ ಸ್ವಲ್ಪ ಕಮ್ಮಿ ಮಾಡು.”

ಡಾಕ್ಟರು ಗ್ಲಾಸನ್ನು ಅವರ ಕೈಯಿಂದ ತೆಗೆದುಕೊಂಡು, ಓರೆಯಾಗಿ ಹಿಡಿದು, ಹಿಡಿ ಎಳೆದರು. ಮೊದಲು ನೊರೆ ಬಂತು. ಅದು ಇಳಿಯುವವರೆಗೆ ಕಾದು, ಮತ್ತೆ ಎಳೆದರು.